ತಮ್ಮನಿಗಾಗಿ ಕಲಿತ ಭಾಷೆ

ಬೀದರದ ಕರೋಡಗಿರಿ ನಾಕಾದ ಮುಂದೆ ನನ್ನ ತಮ್ಮನ ಬಾಯಿಂದ ಬೇರೆ ಯಾರೋ ಮಾತನಾಡಿದಂತಾಯಿತು. ನಾಕಾ ಎಂದರೆ ಊರೊಳಗೆ ಹೋಗುವ ಸಾಮಾನಿಗೆ ಸರ್ಕಾರ ಸುಂಕ ಹಿಡಿಯುವ ಕಟ್ಟೆ. ನಮ್ಮ ಗಾಡಿಯಲ್ಲಿ ಜೋಳದ ಚೀಲ, ತುಪ್ಪದ ಗಡಿಗೆ, ಬೀಸುವ ಕಲ್ಲು, ಕೌದಿಗಳ ಗಂಟು ಇದ್ದವು. ಜವಾನ ಗಡಿಗೆಯ ಬಾಯಿ ಬಿಚ್ಚಿಸಿ ಏನೋ ಕೇಳಿದ. ಅಪ್ಪ ತಿಳಿಯದೆ ಸುಮ್ಮನೆ ಕೈಮುಗಿದ. ಆಗ ಶರಣಪ್ಪ ಗಾಡಿಯಿಂದ ಹಾರಿ, ರುಮಾಲು ಸರಿಮಾಡಿಕೊಂಡು ಉರ್ದುವಿನಲ್ಲಿ ಸರಸರನೆ ಉತ್ತರ ಕೊಟ್ಟ. ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ ನನಗೆ ಒಂದು ಪದವೂ ತಿಳಿಯದ ಹಾಗೆ ಮಾತನಾಡುತ್ತಿದ್ದ. ಹೆಮ್ಮೆಗಿಂತ ಮೊದಲು ನನಗೆ ಹೆದರಿಕೆಯಾಯಿತು. ಜವಾನ ನಗುತ್ತ ಗಡಿಗೆ ಮುಚ್ಚಿದ. ಅವನು ಯಾಕೆ ನಕ್ಕನೆಂಬುದು ಆಗ ನನಗೆ ಗೊತ್ತಾಗಲಿಲ್ಲ.

ನಾನು ಔರಾದ ತಾಲೂಕಿನ ಚಿಂತಾಕಿಯವಳು. ಗಂಡ ಪ್ಲೇಗಿನಲ್ಲಿ ತೀರಿಹೋದ ಮೇಲೆ ತವರಿಗೆ ಬಂದು ಉಳಿದಿದ್ದೆ. ನಮ್ಮೂರ ಮಠದ ಅಯ್ಯನವರು ಕಲಿಸಿದ ಕನ್ನಡ ಅಕ್ಷರ ಬಿಟ್ಟರೆ ನನಗೆ ಬೇರೆ ವಿದ್ಯೆ ಇರಲಿಲ್ಲ. ಶರಣಪ್ಪ ಔರಾದದ ಸಾಲೆಯಲ್ಲಿ ಉರ್ದು ಕಲಿತು ಪಾಸಾಗಿ, ಬೀದರದಲ್ಲಿ ಮಾಸ್ತರರನ್ನು ತಯಾರು ಮಾಡುವ ಸರ್ಕಾರಿ ವರ್ಗಕ್ಕೆ ಆಯ್ಕೆಯಾಗಿದ್ದ. ಜನ ಅದನ್ನು ಕಾಲೇಜೆಂದೇ ಕರೆಯುತ್ತಿದ್ದರು. ಅದರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಕಲಿಸುತ್ತಿದ್ದ ಮುನ್ಷಿಯ ಹೆಸರನ್ನೂ ಬರೆಯುವುದಿಲ್ಲ. ಹೆಸರು ಹಿಡಿದು ಬರೆದರೆ ಅದೂ ಒಂದು ಮರ್ಯಾದೆ. ಅಷ್ಟು ಮರ್ಯಾದೆ ಕೊಡಲು ನನಗೆ ಇವತ್ತಿಗೂ ಮನಸ್ಸಿಲ್ಲ. ತಮ್ಮನಿಗೆ ರೊಟ್ಟಿ ಬಡಿದು ಹಾಕಲು ನಾನು ಜೊತೆಗೆ ಬಂದೆ. ನಮ್ಮ ಕಡೆಯ ಮಾಸ್ತರರು, ಮಕ್ಕಳನ್ನು ಪಟ್ಟಣಕ್ಕೆ ಕಳಿಸುವ ತಾಯಂದಿರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಬೀದರದ ಅಂಚಿನ ಮೈಲೂರಿನಲ್ಲಿ ಮನೆ ಸಿಕ್ಕಿತು. ಮನೆಯೊಡತಿ ಜೈನಬ್‌ಬಿ, ಮದುವೆ ಬಟ್ಟೆಗಳಿಗೆ ಜರಿಯ ಅಂಚು ಹೊಲಿದು ಬದುಕುತ್ತಿದ್ದ ವಿಧವೆ. ಒಂದೇ ಅಂಗಳ, ಆಚೆ ಅವರ ಒಲೆ, ಈಚೆ ನಮ್ಮದು. ಅಪ್ಪ ಬಾಗಿಲಲ್ಲೇ ನಿಂತು ಬಹಳ ಹೊತ್ತು ಯೋಚಿಸಿದ. ಲಿಂಗವಂತರ ಮನೆಗಳೂ ಇದ್ದವು, ಆದರೆ ಅಲ್ಲಿನ ಬಾಡಿಗೆ ನಮಗೆ ಎಟುಕುವಂತಿರಲಿಲ್ಲ. "ಒಲಿ ಬ್ಯಾರೆ ಅದ, ನೀರಿನ ಕೊಡಾ ಬ್ಯಾರೆ ಇಟಗೋ," ಎಂದು ನನಗೆ ಹೇಳಿ ಗಾಡಿ ಹೊಡೆದುಕೊಂಡು ಹೋದ.

ಚಿಂತಾಕಿಯಲ್ಲಿ ಮಣ್ಣು ಕಪ್ಪು. ಮಳೆ ಬಂದರೆ ಕಾಲಿಗೆ ಅಂಟಿಕೊಂಡು ಬಿಡುವುದಿಲ್ಲ. ಬೀದರದಲ್ಲಿ ಮಣ್ಣು ಕೆಂಪು. ಗಾಳಿಗೆ ಎದ್ದು ಸೀರೆಯ ನೆರಿಗೆಯಲ್ಲಿ, ಹಿಟ್ಟಿನಲ್ಲಿ, ಹಲ್ಲಿನ ಸಂದಿಯಲ್ಲಿ ಕೂರುತ್ತದೆ. ಊರಲ್ಲಿ ಬಾವಿಯ ನೀರು ಕೈಗೆ ಸಿಗುವಂತಿತ್ತು. ಇಲ್ಲಿ ಕಲ್ಲು ಕೊರೆದ ಬಾವಿಗಳ ತಳ ಕಾಣುವುದಿಲ್ಲ, ಹಗ್ಗ ಎಳೆದು ಎಳೆದು ಅಂಗೈ ಬೊಬ್ಬೆ ಬರುತ್ತದೆ. ಊರಲ್ಲಿ ಎದುರಿಗೆ ಬಂದವರು "ಉಂಡೇನವಾ?" ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ, ಇಲ್ಲಿ ಇಡೀ ದಿನ ಓಣಿಯಲ್ಲಿ ಮಾತು ಹರಿಯುತ್ತಿದ್ದರೂ ಅದರಲ್ಲಿ ನನಗಾಗಿ ಒಂದು ಮಾತೂ ಇರುತ್ತಿರಲಿಲ್ಲ. ಆಚೆ ಒಲೆಯಿಂದ ಮಾಂಸದ ವಾಸನೆ ಬಂದ ದಿನ ನಾನು ಸೆರಗು ಮೂಗಿಗೆ ಹಿಡಿದು ಒಳಗೆ ಕೂರುತ್ತಿದ್ದೆ. ಜೈನಬ್‌ಬಿ ಅದನ್ನು ನೋಡಿರಬೇಕು. ಮುಂದೆ ಅಂಥ ಅಡುಗೆಯ ದಿನ ಒಲೆಯನ್ನು ಹಿತ್ತಿಲಿಗೆ ಒಯ್ಯತೊಡಗಿದರು. ಅದಕ್ಕೆ ಒಂದು ಉಪಕಾರದ ಮಾತು ಹೇಳಬೇಕೆಂದರೂ ನನ್ನಲ್ಲಿ ಭಾಷೆ ಇರಲಿಲ್ಲ. ಒಂದು ಬಟ್ಟಲು ಮೊಸರು ಒಯ್ದು ಹೊಸ್ತಿಲಲ್ಲಿ ಇಟ್ಟು ಬಂದೆ.

ಮೊದಮೊದಲು ಶರಣಪ್ಪ ಸಂಜೆ ಬಂದವನೇ ಆ ದಿನ ಕಲಿತದ್ದನ್ನೆಲ್ಲ ಒಲೆಯ ಮುಂದೆ ಕೂತು ಹೇಳುತ್ತಿದ್ದ. ಮಕ್ಕಳ ಮುಂದೆ ಹೇಗೆ ನಿಲ್ಲಬೇಕು, ಹಲಗೆಯ ಮೇಲೆ ಹೇಗೆ ಬರೆಯಬೇಕು ಎಂದು ನನ್ನನ್ನೇ ವಿದ್ಯಾರ್ಥಿ ಮಾಡಿ ಪಾಠ ಹೇಳುತ್ತಿದ್ದ. ದೀಪಾವಳಿ ಕಳೆದ ಮೇಲೆ ಮಾತು ಕಡಿಮೆಯಾಯಿತು. ಆಮೇಲೆ ರೊಟ್ಟಿ ಕಡಿಮೆಯಾಯಿತು. ಕೇಳಿದರೆ "ಹೊಟ್ಟಿ ತುಂಬೇದ ಅಕ್ಕಾ," ಎನ್ನುತ್ತಿದ್ದ. ಕನ್ನಡಿ ಹಿಡಿದಂತೆ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಏನೋ ಒಂದೇ ಶಬ್ದವನ್ನು ಮತ್ತೆ ಮತ್ತೆ ಅನ್ನುತ್ತಿದ್ದ, ಗಂಟಲು ಕೆರೆದುಕೊಂಡಂತೆ. ಒಂದು ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗವನ್ನು ಕೈಯಲ್ಲಿ ಹಿಡಿದವನು ಪೂಜೆ ಮಾಡದೆ ಸುಮ್ಮನೆ ಕೂತ. ವಿಭೂತಿ ಒಣಗಿತು, ಪತ್ರಿ ಬಾಡಿತು.

"ಯಾಕೋ ಶರಣು?" ಎಂದೆ.

"ಮಂತ್ರ ಬಾಯಾಗ ಬರವಲ್ದು."

"ಹಂಗಾರ ಮನಸಿನಾಗ ಅನ್ನು. ಎದ್ದು ಉಣ್ಣು."

"ಪೂಜಿ ಮಾಡ್ದೆ ಹ್ಯಾಂಗ ಉಣ್ಣಲಿ ಅಕ್ಕಾ?"

ಪೂಜೆಯಾಗದೆ ನಮ್ಮ ಮನೆಯಲ್ಲಿ ಯಾರೂ ತುತ್ತು ಮುಟ್ಟುವುದಿಲ್ಲ. ಆ ನೇಮವೇ ಈಗ ನನ್ನ ತಮ್ಮನನ್ನು ಉಪವಾಸ ಕೆಡವಿತು. ದೃಷ್ಟಿ ತೆಗೆದೆ. ಮಠದಿಂದ ಭಸ್ಮ ತಂದೆ. ಜೈನಬ್‌ಬಿ ದರ್ಗಾದಿಂದ ಕರಿದಾರ ತಂದು ಅವನ ರಟ್ಟೆಗೆ ಕಟ್ಟಿದರು. ಅವನು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಹಗಲೆಲ್ಲ ಗೋಡೆಯ ಕಡೆಗೆ ಮುಖ ಮಾಡಿ ಮಲಗತೊಡಗಿದ.

ಕಾಲೇಜಿನಿಂದ ಯಾರೂ ವಿಚಾರಿಸಲು ಬರಲಿಲ್ಲ. ಕೊನೆಗೆ ಬಂದವನು ಭಾಲ್ಕಿಯ ಕಾಶಪ್ಪ, ಅವನ ಜೊತೆಯ ವಿದ್ಯಾರ್ಥಿ. ನಾನು ಅವನಿಗೆ ಗಂಗಾಳ ಇಟ್ಟು ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ಒಳಗೆ ಮಲಗಿದ್ದ ಶರಣಪ್ಪನಿಗೆ ಕೇಳಿಸದಂತೆ ಅವನು ಹೇಳತೊಡಗಿದ.

"ಮುನ್ಷಿ ಸಾಹೇಬರಿಗಿ ನಮ್ಮ ಮಾತು ಅಂದ್ರ ಆಗೂದಿಲ್ಲರಿ ಅಕ್ಕಾರ. ಉರ್ದುದಾಗ ಒಂದು 'ಕ' ಗಂಟಲದ ತಳದಿಂದ ಬರಬೇಕು. ನಮಗ ಬರೂದಿಲ್ಲ. ಎಲ್ಲಾರಿಗೂ ಬೈತಾರ. ಖರೆ ಶರಣಪ್ಪಗ ದಿನಾ ಬೆಂಚಿನ ಮ್ಯಾಲ ನಿಲ್ಲಿಸಿ ಅದೇ ಅಕ್ಷರ ಅನ್ಸೋರು. 'ಚಿಂತಾಕಿ ಕಾ ಬೈಲ್' ಅಂತ ಹೆಸರಿಟ್ರು. ಚಿಂತಾಕಿ ಎತ್ತು ಅಂತರಿ. ಹಾಜರಿ ಕರಿಯೂ ಮುಂದ ಅಂವಾ 'ಹಾಜರ್' ಅನ್ನೂದು ಬಿಟ್ಟ. ಎದುರಿಗೇ ಕುಂತಿದ್ರೂ ಗೈರಹಾಜರ್ ಅಂತ ಬರದ್ರು."

"ಮುಂದ?"

"ಮಾದರಿ ಪಾಠ ಅಂತ ಇರ್ತದ್ರಿ. ಸಣ್ಣ ಹುಡುಗರಿಗಿ ಕುಂಡ್ರಿಸಿ ನಾವು ಪಾಠ ಹೇಳಬೇಕು. ಉಳಿದೋರು ಹಿಂದ ಕುಂತು ನೋಡ್ತೇವಿ. ಶರಣಪ್ಪನ ಪಾಳಿ ಬಂತು. ಮುನ್ಷಿ ಸಾಹೇಬರು ಆ ಹುಡುಗರಿಗಿ ಮೊದಲೇ ಹೇಳಿಟ್ಟಿದ್ರು, ನಾ ಕೈ ಎತ್ತಿದ ಕೂಡ್ಲೆ ಎತ್ತಿನಂಗ ಒದರ್ರಿ ಅಂತ. ಇಂವಾ ಬಾಯಿ ತೆಗೆದ. ಅವರು ಕೈ ಎತ್ತಿದ್ರು. ಹುಡುಗರೆಲ್ಲಾ 'ಅಂಬಾ' ಅಂತ ಒದರಿದ್ರು. ಮತ್ತ ಬಾಯಿ ತೆಗೆದ. ಮತ್ತ ಒದರಿದ್ರು. ಇಂವಾ ಹಲಗಿ ಮ್ಯಾಲ ಬರಿಯೂ ಖಡು ಕೈಯಾಗ ಹಿಡಿದು ಹಂಗೇ ನಿಂತ."

"ನೀವೆಲ್ಲಾ ಏನ್ ಮಾಡಿದ್ರಿ?"

ಕಾಶಪ್ಪ ತಲೆ ತಗ್ಗಿಸಿದ. "ನಕ್ಕೆವ್ರಿ. ನಾನೂ ನಕ್ಕೆ."

ನಾನು ಅವನ ಮುಂದಿದ್ದ ಗಂಗಾಳ ಎತ್ತಿಕೊಂಡೆ. ಅರ್ಧ ರೊಟ್ಟಿ ಅವನ ಕೈಯಲ್ಲೇ ಇತ್ತು. ಅವನು ಅದನ್ನು ಕೆಳಗಿಟ್ಟು ಎದ್ದುಹೋದ. ನಮ್ಮ ಮನೆತನದಲ್ಲಿ ಉಣ್ಣುವವನ ಮುಂದಿನ ತಾಟು ಯಾರೂ ತೆಗೆದಿರಲಿಲ್ಲ. ನಾನು ತೆಗೆದೆ, ಮತ್ತೆ ಅದಕ್ಕಾಗಿ ಒಂದು ದಿನವೂ ವ್ಯಥೆಪಟ್ಟಿಲ್ಲ.

ಮರುದಿನ ಕಾಲೇಜಿನ ಬಾಗಿಲಿಗೆ ಹೋದೆ. ಚಪರಾಸಿ ತಡೆದ. ನನಗೆ ಗೊತ್ತಿದ್ದುದು "ಮುನ್ಷಿ" ಎಂಬ ಒಂದೇ ಪದ. ಅದನ್ನೇ ಹೇಳುತ್ತ ನಿಂತೆ. ಅವರೇ ಹೊರಗೆ ಬಂದರು. ಹೈದರಾಬಾದು ಶಹರದಿಂದ ಬಂದ ಹಿಂದೂ ಮನೆತನದವರು, ತೆಳ್ಳಗೆ, ಬಿಳಿ ಶೇರವಾನಿ, ಅತ್ತರಿನ ವಾಸನೆ. ನಾನು ನಮ್ಮ ಮಾತಿನಲ್ಲೇ ಕೇಳಿದೆ: "ನನ್ನ ತಮ್ಮಗ ಯಾಕ ಹಂಗ ಮಾಡಿದ್ರಿ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿಂದೆ ನಿಂತಿದ್ದವರ ಕಡೆ ತಿರುಗಿ, ಮೆಲ್ಲಗೆ ಒಂದು ಮಾತು ಹೇಳಿದರು. ಎಲ್ಲರೂ ನಕ್ಕರು. ಚಪರಾಸಿಯೂ ನಕ್ಕ.

ಆ ಮಾತನ್ನು ನಾನು ಅರ್ಥ ತಿಳಿಯದೆ ಬಾಯಿಪಾಠ ಮಾಡಿಕೊಂಡೆ. ದಾರಿಯುದ್ದಕ್ಕೂ ತುಟಿಯಲ್ಲೇ ಉರುಹಚ್ಚುತ್ತ ಬಂದು ಜೈನಬ್‌ಬಿಯ ಮುಂದೆ ಒಪ್ಪಿಸಿದೆ. ಅವರು ಸೂಜಿ ಕೆಳಗಿಟ್ಟರು. ಅವರಿಗೆ ನಮ್ಮ ಕನ್ನಡ ಮುರುಕು ಮುರುಕಾಗಿ ಬರುತ್ತಿತ್ತು.

"ನಕ್ಕೋ ಬೇಟಿ," ಎಂದರು. ನಕ್ಕೋ ಎಂದರೆ ಬೇಡ. "ಕೇಳ್ ಬ್ಯಾಡ."

"ಹೇಳ್ರಿ."

"ಎತ್ತು ಹುಡಕಲಿಕ್ಕ ಆಕಳಾ ಬಂದದ, ಅಂದಾನ."

ನಾನು ಅಳಲಿಲ್ಲ. ಒಳಗೆ ಹೋಗಿ ನೋಡಿದರೆ ಶರಣಪ್ಪನ ಹಾಸಿಗೆ ಖಾಲಿಯಿತ್ತು.

ನಾವಿಬ್ಬರೂ ಓಣಿ ಓಣಿ ಓಡಿದೆವು. ಮಧ್ಯಾಹ್ನದ ಬಿಸಿಲು, ದಾರಿಯಲ್ಲಿ ನಾಯಿಯೂ ಇರಲಿಲ್ಲ. ಮೈಲೂರಿನ ಹೊರಗೆ ಒಂದು ಹಳೆಯ ಬಾವಿಯ ಕಟ್ಟೆಯ ಮೇಲೆ, ಕಾಲು ಒಳಗೆ ಇಳಿಬಿಟ್ಟು ಅವನು ಕೂತಿದ್ದ. ನಾನು ಕೂಗದೆ ಹತ್ತಿರ ಹೋಗಿ ಅವನ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂತೆ. ಅವನು ನನ್ನ ಕಡೆ ನೋಡಲಿಲ್ಲ.

"ಏನ್ ಮಾಡ್ಲಿಕ್ಕತ್ತಿ ಇಲ್ಲಿ?"

"ಇಲ್ಲಿ ತಣ್ಣಗದ ಅಕ್ಕಾ. ಯಾರೂ ಮಾತಾಡ್ಸೂದಿಲ್ಲ."

"ಮನಿಗಿ ನಡಿ. ನಾನೂ ಮಾತಾಡ್ಸಂಗಿಲ್ಲ."

ಅವನು ಎದ್ದು ಬಂದ. ಆ ದಿನದಿಂದ ಅವನ ಮಣಿಕಟ್ಟಿಗೂ ನನ್ನದಕ್ಕೂ ಸೆರಗು ಕಟ್ಟಿಕೊಂಡು ಮಲಗಿದೆ. ಜೈನಬ್‌ಬಿ ಹಕೀಮರನ್ನು ಕರೆತಂದರು. ನಾಡಿ ಹಿಡಿದು, ಕಣ್ಣು ನೋಡಿ, ಹಕೀಮರು "ಮಾಲಿಖೋಲಿಯಾ" ಎಂದರು. ಮನಸ್ಸು ಕಪ್ಪುಗಟ್ಟಿ ಮುಳುಗುವ ಕಾಯಿಲೆಗೆ ಅವರ ವೈದ್ಯದಲ್ಲಿ ಆ ಹೆಸರಂತೆ. ನನಗೆ ಅಚ್ಚರಿಯಾದದ್ದು ಹೆಸರಿಗೆ. ಊರಲ್ಲಿ ಇದಕ್ಕೆ ಗಾಳಿ ಎನ್ನುತ್ತಿದ್ದರು, ಕಾಲೇಜಿನಲ್ಲಿ ಸೋಮಾರಿತನ ಎಂದಿದ್ದರೆಂದು ಕಾಶಪ್ಪ ಹೇಳಿದ್ದ. ಕಾಯಿಲೆ ಎಂದವರು ಇವರೊಬ್ಬರೇ. ಕಾಯಿಲೆಯೆಂದರೆ ಬಂದದ್ದು, ಬಂದದ್ದಕ್ಕೆ ಒಂದು ಕಾರಣವಿರುತ್ತದೆ, ಮತ್ತು ನನಗೆ ಆ ಕಾರಣದ ಮುಖ ಗೊತ್ತಿತ್ತು.

ಹೇಳಿಕಳಿಸಿದ ಮೇಲೆ ಅಪ್ಪ ಗಾಡಿ ತಂದ. ಶರಣಪ್ಪನನ್ನು ಹುಲ್ಲಿನ ಮೇಲೆ ಮಲಗಿಸಿದೆವು. ನಾನು ಗಾಡಿ ಹತ್ತಲಿಲ್ಲ.

"ನಡಿ ಮಲ್ಲಮ್ಮ," ಎಂದ ಅಪ್ಪ. "ಇಲ್ಲಿ ಯಾರದಾರ ನಿನಗ?"

"ಮುನ್ಷಿ ಅದಾನಪ್ಪ. ಅವನ ಜೋಡಿ ನಂದೊಂದು ಕೆಲಸ ಅದ."

"ಹೆಣ್ಣಮಗಳು, ಒಬ್ಬಾಕಿ, ಏನ್ ಮಾಡ್ತಿ?"

"ಮೊದಲು ಮಾತು ಕಲೀತೇನಿ."

ಅಪ್ಪ ಬೈಯುತ್ತಾನೆಂದುಕೊಂಡಿದ್ದೆ. ಜೋಳದ ಚೀಲವನ್ನು ಇಳಿಸಿಕೊಟ್ಟು ಎತ್ತು ಹೊಡೆದ.

ಬೇರೆಯವರು ಪರಊರಿನ ಭಾಷೆಯನ್ನು ಹೊಟ್ಟೆಗಾಗಿ ಕಲಿಯುತ್ತಾರೆ. ನಾನು ಕಲಿತದ್ದು ಒಬ್ಬ ಮನುಷ್ಯನಿಗೆ ಬೈಯಲಿಕ್ಕೆ. ಜೈನಬ್‌ಬಿಯನ್ನು ಖಾಲಾ, ಎಂದರೆ ಚಿಕ್ಕಮ್ಮ, ಎಂದು ಕರೆಯತೊಡಗಿದೆ. ಅವರ ಪಕ್ಕ ಕೂತು ಜರಿ ಹೊಲಿಯುತ್ತ ಮೊದಲು ಕೇಳಿ ಕಲಿತವೆಲ್ಲ ಬೈಗುಳಗಳು. "ಕಮೀನಾ", "ಬೇಶರಮ್", "ಜಾಲಿಮ್". ಅವರು ಹೇಳಿಕೊಡುತ್ತ ನಗುತ್ತಿದ್ದರು, ನಾನು ನಗುತ್ತಿರಲಿಲ್ಲ. ಒಂದೊಂದು ಪದವನ್ನೂ ಆ ಬಿಳಿ ಶೇರವಾನಿಯ ಎದುರು ನಿಂತು ಅನ್ನುವಂತೆ ಮನಸ್ಸಿನಲ್ಲಿ ಅನ್ನುತ್ತಿದ್ದೆ. ರೊಟ್ಟಿ ತಟ್ಟುವಾಗ ಹಿಟ್ಟಿನ ಮುದ್ದೆಯಲ್ಲಿ ಅವರ ಮುಖ ಕಾಣುತ್ತಿತ್ತು. ಆ ದಿನಗಳಲ್ಲಿ ನನ್ನ ರೊಟ್ಟಿಗಳು ಬಹಳ ತೆಳ್ಳಗೆ ಬರುತ್ತಿದ್ದವು.

ಬೈಗುಳಗಳ ಹಿಂದೆ ಉಳಿದ ಮಾತುಗಳೂ ಬಂದವು. ಬೈಯಬೇಕಾದರೂ ಯಾಕೆ ಬೈಯುತ್ತೇನೆಂದು ಹೇಳಬೇಕಲ್ಲ. ಬಳೆಗಾರನ ಹತ್ತಿರ ಚೌಕಾಸಿ ಮಾಡಿ ಗೆದ್ದ ದಿನ ಅಂಗಳದಲ್ಲಿ ಒಬ್ಬಳೇ ನಕ್ಕೆ. ಟಾಂಗಾದವನೊಬ್ಬ ನನ್ನನ್ನು ಇಲ್ಲಿಯವಳೇ ಎಂದುಕೊಂಡು ದಾರಿ ಕೇಳಿದ, ಹೇಳಿ ಕಳಿಸಿದೆ. ರಂಜಾನ್ ಹಬ್ಬದ ದಿನ ಖಾಲಾ ಹಾಲಿನ ಶಾವಿಗೆ ತಂದು, ಬಟ್ಟಲು ಹೊಸದು, ತೊಳೆದದ್ದು ಎಂದು ಮತ್ತೆ ಮತ್ತೆ ಹೇಳಿದರು. ತಿಂದೆ. ಆ ಸಂಗತಿ ಅವ್ವನಿಗೆ ಇದನ್ನು ಓದಿದವರು ಹೇಳಬಾರದೆಂದು ಕೋರುತ್ತೇನೆ. ಆದರೆ ಸಂಜೆ ಒಲೆ ಹೊತ್ತಿಸುವ ಹೊತ್ತಿಗೆ, ಎದುರಿಗೆ ಕೂತು ಪಾಠ ಹೇಳುವ ತಮ್ಮನಿಲ್ಲದೆ, ಹೊಗೆಯೆಲ್ಲ ಕಣ್ಣಿಗೇ ಬರುತ್ತಿತ್ತು.

ಮರುವರ್ಷ ಮುನ್ಷಿಯ ಮಗಳ ಮದುವೆ ಗೊತ್ತಾಯಿತು. ಜರಿಯ ಕೆಲಸ ಖಾಲಾಗೆ ಬಂತು. ಬಟ್ಟೆಯ ಗಂಟು ಹೊತ್ತು ನಾನೂ ಅವರ ಜನಾನಾಕ್ಕೆ, ಅಂದರೆ ಹೆಂಗಸರ ಒಳಮನೆಗೆ, ಹೋಗಿಬರತೊಡಗಿದೆ. ನನ್ನನ್ನು ಅಲ್ಲಿ ಯಾರೂ ಗುರುತಿಸಲಿಲ್ಲ. ಆ ಮನೆಯಲ್ಲಿ ಮುನ್ಷಿಯ ಮಾತಿಗಿಂತ ಅವರ ತಾಯಿಯ ಮಾತು ದೊಡ್ಡದು ಎಂಬುದನ್ನು ಬೇಗ ಕಂಡುಕೊಂಡೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತ, ಕಣ್ಣು ಮಂಜಾದ ಮುದುಕಿ. ಎಲ್ಲರೂ ಬಡೀ ಅಮ್ಮಾ ಎನ್ನುತ್ತಿದ್ದರು. ಅವರು ಕರೆದರೆ ಮುನ್ಷಿ ಪರದೆಯಾಚೆ ಬಂದು ತಲೆ ಬಾಗಿಸಿ ನಿಲ್ಲುತ್ತಿದ್ದರು. ನಾನು ಕಾದೆ. ಮದುಮಗಳ ಬಟ್ಟೆಬರೆ ನೋಡಲು ಬೀದರದ ದೊಡ್ಡ ಮನೆಗಳ ಹೆಂಗಸರೆಲ್ಲ ಸೇರುವ ದಿನವೊಂದಿರುತ್ತದೆ. ಆ ದಿನಕ್ಕಾಗಿ ಕಾದೆ.

ಅಂದು ಕೋಣೆ ತುಂಬಿತ್ತು. ಖಾಲಾ ಒಂದೊಂದೇ ದುಪಟ್ಟಾ ಬಿಚ್ಚಿ ತೋರಿಸುತ್ತಿದ್ದರು. ನಾನು ಎದ್ದು ಬಡೀ ಅಮ್ಮಾನ ಮಂಚದ ಮುಂದೆ ನಿಂತೆ.

"ಮೈಂ ಏಕ್ ಬಾತ್ ಬೋಲ್ತೀ," ಎಂದೆ. ನಾನೊಂದು ಮಾತು ಹೇಳುತ್ತೇನೆ.

ಮದುಮಗಳ ಗೆಳತಿಯರು ಕಿಸಕ್ಕನೆ ನಕ್ಕರು. ನನಗೆ ಬರುತ್ತಿದ್ದುದು ಖಾಲಾ ಕಲಿಸಿದ ದಖನಿ, ಓಣಿಯ ಮಾತು. ಆ ಮನೆಯವರದು ಶಹರದ ಉರ್ದು. ನನ್ನ "ಬೋಲ್ತೀ"ಯನ್ನು ಒಬ್ಬಳು ಹಾಗೆಯೇ ಅಂದು ತೋರಿಸಿದಳು. ಖಾಲಾನ ಮುಖ ಕೆಂಪಾಯಿತು. ಬೆಂಚಿನ ಮೇಲೆ ನಿಂತವನಿಗೆ ಕಿವಿಯಲ್ಲಿ ಏನು ಕೇಳಿಸುತ್ತಿತ್ತೆಂದು ನನಗೆ ಆ ಕ್ಷಣ ತಿಳಿಯಿತು, ನಾಕಾದ ಜವಾನ ಯಾಕೆ ನಕ್ಕಿದ್ದನೆಂಬುದೂ. ಅದುವರೆಗೆ ಕೂಡಿಟ್ಟುಕೊಂಡ ಬೈಗುಳಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಬಂದದ್ದು ನಡೆದ ಸಂಗತಿ ಮಾತ್ರ. ಅದನ್ನೇ ಹೇಳಿದೆ. ತಮ್ಮನ ಹೆಸರು, ಊರು, ಬೆಂಚು, ಗಂಟಲಿನ ಅಕ್ಷರ, ಗೈರಹಾಜರಿ, ಮಾದರಿ ಪಾಠ, ಕೈ ಎತ್ತಿದ್ದು, ಹುಡುಗರು ಒದರಿದ್ದು, ಬಾವಿಯ ಕಟ್ಟೆ. ಕೊನೆಗೆ, ಬಾಗಿಲಲ್ಲಿ ನನಗೆ ಹೇಳಿದ ಮಾತನ್ನು ಅವರ ಉರ್ದುವಿನಲ್ಲೇ, ಒಂದಕ್ಷರ ಬಿಡದೆ, ತಾಯಿಗೆ ಒಪ್ಪಿಸಿದೆ. ನಾನು ಎಷ್ಟೋ ಸಲ ಉರುಹಚ್ಚಿದ್ದ ಮಾತದು, ಉಚ್ಚಾರ ಸ್ವಲ್ಪವೂ ತಪ್ಪಲಿಲ್ಲ.

ನಗು ಅಷ್ಟರಲ್ಲಿ ನಿಂತಿತ್ತು. ಬಡೀ ಅಮ್ಮಾ ಮಗನನ್ನು ಕರೆಸಿದರು. ಪರದೆಯಾಚೆ ಬಿಳಿ ಶೇರವಾನಿಯ ನೆರಳು ಬಂದು ನಿಂತಿತು. ಅವರಿಬ್ಬರ ಉರ್ದುವನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಈ ಹೆಂಗಸು ಹೇಳುವುದು ನಿಜವೇ?"

"ಅಮ್ಮಾ, ಅದು ತಮಾಷೆಗೆ. ಈ ಹಳ್ಳಿಯವರ ನಾಲಿಗೆ ತಿರುಗಬೇಕಾದರೆ ಸ್ವಲ್ಪ—"

"ತಮಾಷೆಯೋ? ಹಾಗಾದರೆ ನಮಗೂ ಮಾಡಿ ತೋರಿಸು."

"ಅಮ್ಮಾ."

"ಹುಡುಗರು ಹೇಗೆ ಕೂಗಿದರು? ಕೂಗು. ಮನೆತುಂಬ ಅತಿಥಿಗಳಿದ್ದಾರೆ, ನಗಲಿ. ನನ್ನ ಮಗ ಉಸ್ತಾದ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಕೋತಿ ಆಡಿಸುವವನೆಂದು ನನಗೆ ಗೊತ್ತಿರಲಿಲ್ಲ."

ಮದುಮಗಳು ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ಪರದೆಯಾಚೆಯಿಂದ ಮುನ್ಷಿ ಕೂಗಿದರು. ಒಂದೇ ಸಲ, ಸಣ್ಣಗೆ. ಯಾರೂ ನಗಲಿಲ್ಲ.

ಇದನ್ನು ಓದುವವರು, ಆಗ ನನ್ನ ಮನಸ್ಸು ಕರಗಿತು ಎಂದು ಬರೆಯುತ್ತೇನೆಂದು ಕಾಯುತ್ತಿದ್ದರೆ, ಹಾಗೆ ಬರೆಯಲಾರೆ. ಅದು ಸಿಹಿಯಾಗಿತ್ತು. ಮನೆಗೆ ಬಂದು ಹೊಟ್ಟೆತುಂಬ ಉಂಡೆ. ಖಾಲಾಗೆ ಆ ಮನೆಯ ಕೆಲಸ ತಪ್ಪಿತು. ಅವರು ಅದಕ್ಕೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನನ್ನ ಬೋಲಿಗಿ, ಮಾತಿಗಿ, ನಕ್ಕರಲ್ಲ," ಎಂದಷ್ಟೇ ಹೇಳಿ ಸೂಜಿಗೆ ದಾರ ಪೋಣಿಸಿದರು.

ಈ ಸುದ್ದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಚಿಂತಾಕಿಗೆ ಹೋದೆ. ಶರಣಪ್ಪ ಹೊಲದಲ್ಲಿದ್ದ. ಮೈ ಸ್ವಲ್ಪ ತುಂಬಿಕೊಂಡಿತ್ತು, ಪೂಜೆ ಮಾಡುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವನು ಕಡ್ಡಿಯಿಂದ ನೆಲ ಕೆದರುತ್ತ ಕೇಳಿದ.

"ಆ ಹುಡುಗರ ಮುಂದ ಅಲ್ಲಲ್ಲ ಅಕ್ಕಾ?" ಎಂದ ಕೊನೆಗೆ.

"ಇಲ್ಲ. ಹೆಂಗಸರ ಮುಂದ."

"ಆ ಹುಡುಗರಿಗಿ ಇನ್ನೂ ಗೊತ್ತಿಲ್ಲ ಹಂಗಾರ. ಹಂಗ ಮಾಡೂದು ಸರಿ ಅಂತನೇ ತಿಳಕೊಂಡಿರ್ತಾವ. ನನ್ನ ಹಿಂದ ಬಂದ ಮಾಸ್ತರಗೂ ಒದರ್ತಾವ."

ನಾನು ಮುನ್ಷಿಯನ್ನು ನೋಡುತ್ತಿದ್ದೆ. ಶರಣಪ್ಪ ಇಷ್ಟು ದಿನ ಗೋಡೆಯ ಕಡೆ ಮುಖ ಮಾಡಿಯೂ ಆ ಹುಡುಗರನ್ನು ನೋಡುತ್ತಿದ್ದ. ಮಾಸ್ತರರೇ, ನನ್ನ ತಮ್ಮ ನಿಮ್ಮಲ್ಲಿ ಒಬ್ಬನಾಗಬೇಕಿತ್ತು. ಹಾಜರಿ ಕೂಗಿದಾಗ ಎದುರಿಗೆ ಕೂತವನು ಉತ್ತರಿಸದಿದ್ದರೆ, ನಗುತ್ತಿದ್ದವನು ನಗದಿದ್ದರೆ, ಬುತ್ತಿ ಬಿಚ್ಚದೆ ಮರಳಿ ಒಯ್ದರೆ, ಅವನ ಪಕ್ಕ ಹೋಗಿ ಅವನ ಭಾಷೆಯಲ್ಲಿ ಒಂದು ಮಾತು ಕೇಳಿ. ಅಷ್ಟು ಕೇಳುವವರು ಆ ಕಟ್ಟಡದಲ್ಲಿ ಒಬ್ಬರಿದ್ದಿದ್ದರೆ ನಾನು ಬೈಗುಳ ಕಲಿಯಬೇಕಾಗಿರಲಿಲ್ಲ.

ಬೀದರಕ್ಕೆ ಮರಳಿ ಮತ್ತೆ ಬಡೀ ಅಮ್ಮಾನ ಮುಂದೆ ನಿಂತೆ. ಮುನ್ಷಿ ಆ ಹುಡುಗರ ಎದುರಿಗೆ ತಪ್ಪು ಒಪ್ಪಿಕೊಳ್ಳಬೇಕು ಎಂದೆ. ಮುದುಕಿ ಆಗದೆಂದು ತಲೆಯಾಡಿಸಿದರು. "ಒಂದು ಸಲ ನಿನಗಾಗಿ ಮಾಡಿದೆ. ಮನೆಯ ಮಾನವನ್ನು ಬೀದಿಗೆ ತರಲಾರೆ. ಹೋಗು."

ಹೋದೆ. ಆದರೆ ದೂರ ಹೋಗಲಿಲ್ಲ. ಮುನ್ಷಿ ಕಾಲೇಜಿಗೆ ಹೋಗುವ ದಾರಿಯ ಬದಿಗೆ, ಖಾಲಾನ ಪರಿಚಯದವರೊಬ್ಬರ ಜಗುಲಿಯಲ್ಲಿ ಹೊಲಿಗೆ ಇಟ್ಟುಕೊಂಡು ಕೂರತೊಡಗಿದೆ. ಅವರು ಬೆಳಿಗ್ಗೆ ಹೋಗುವಾಗ ತಲೆಯೆತ್ತಿ ನೋಡುತ್ತಿದ್ದೆ, ಸಂಜೆ ಬರುವಾಗ ನೋಡುತ್ತಿದ್ದೆ. ಮಾತಿಲ್ಲ, ಬೈಗುಳವಿಲ್ಲ. ಅವರು ಮೊದಲು ದಾರಿಯ ಆ ಬದಿಗೆ ನಡೆದರು, ಆಮೇಲೆ ಛತ್ರಿ ಹಿಡಿದರು, ಆಮೇಲೆ ಟಾಂಗಾದಲ್ಲಿ ಓಡಾಡಿದರು. ಔರಾದದಿಂದ ಕಾಲೇಜಿಗೆ ಹೊಸದಾಗಿ ಬಂದ ಹುಡುಗರು ನನ್ನ ಜಗುಲಿಗೆ ಬಂದು, "ಈಗ ಯಾರಿಗೂ ಬೆಂಚಿನ ಮ್ಯಾಲ ನಿಲ್ಸೂದಿಲ್ಲರಿ ಅಕ್ಕಾರ," ಎನ್ನುತ್ತಿದ್ದರು. ಅವರಿಗೆ ಬಾಡಿಗೆ ಮನೆ ಹುಡುಕಿಕೊಟ್ಟೆ. ಊಟ ಬಿಟ್ಟವನು ಯಾರಾದರೂ ಇದ್ದರೆ ನನಗೆ ಹೇಳಿ ಎಂದು ತಾಕೀತು ಮಾಡಿದೆ. ಹೇಳಿದರು ಕೂಡ, ಒಬ್ಬಿಬ್ಬರನ್ನು ಒಲೆಯ ಮುಂದೆ ಕೂರಿಸಿಕೊಂಡು, ಪಾಠ ಹೇಳಿ ನೋಡೋಣ ಎಂದು ನಾನೇ ವಿದ್ಯಾರ್ಥಿಯಾದೆ.

ಎರಡು ಮಳೆಗಾಲ ಕಳೆದ ಮೇಲೆ ಮುನ್ಷಿ ತಾವೇ ಅರ್ಜಿ ಹಾಕಿಕೊಂಡು ಬೇರೆ ಜಿಲ್ಲೆಗೆ ವರ್ಗವಾಗಿ ಹೋದರು. ಸಾಮಾನಿನ ಗಾಡಿಗಳ ಹಿಂದೆ ಅವರ ಟಾಂಗಾ ನನ್ನ ಜಗುಲಿಯ ಮುಂದೆಯೇ ಹಾದುಹೋಯಿತು. ಅವರ ಮುಖ ಬಹಳ ಮುದಿಯಾಗಿ ಕಂಡಿತು. ನಾನು ಕಣ್ಣು ಇಳಿಸಲಿಲ್ಲ. ಟಾಂಗಾ ಮರೆಯಾದ ಮೇಲೆ ಮಾತ್ರ, ಇನ್ನು ನಾಳೆ ಇಲ್ಲಿ ಯಾಕೆ ಕೂರಬೇಕೆಂದು ತಿಳಿಯದೆ ಸೂಜಿ ಹಿಡಿದೇ ಕೂತಿದ್ದೆ.

ಸುಗ್ಗಿ ಮುಗಿದ ಮೇಲೆ ಶರಣಪ್ಪ ತಾನೇ ಗಾಡಿ ಕಟ್ಟಿಕೊಂಡು ನನ್ನನ್ನು ಕರೆಯಲು ಬಂದ. ಬೀದರದೊಳಗೆ, ಸಾಲೆ ಕಚೇರಿಯಂಥ 'ಹಾಜರ್' ಎನ್ನಬೇಕಾದ ಜಾಗಗಳಿಗೆ ಅವನು ಇವತ್ತಿಗೂ ಹೋಗುವುದಿಲ್ಲ. ಮೈಲೂರಿನ ತನಕ ಬಂದದ್ದೇ ದೊಡ್ಡದು. ಖಾಲಾ ದಾರಿಗೆ ಬುತ್ತಿ ಕಟ್ಟಿಕೊಟ್ಟು, ಅಳುವುದು ಕಾಣಬಾರದೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಂದ ಕೆಲಸ ಮುಗಿದಿತ್ತು, ಊರಿಗೆ ಹೊರಟಿದ್ದೆ. ಆದರೂ ಮಾಂಜ್ರಾ ಹೊಳೆ ದಾಟಿ ಮಣ್ಣು ಕಪ್ಪಾಗುತ್ತ ಬಂದಷ್ಟೂ ನನಗೆ ಖಾಲಾನ ಮುಚ್ಚಿದ ಬಾಗಿಲೇ ಕಣ್ಣಿಗೆ ಬರುತ್ತಿತ್ತು.

ಸಂತಪುರದಲ್ಲಿ ಎತ್ತು ಬಿಟ್ಟೆವು. ಬಾವಿಯ ಹತ್ತಿರ ನೀರು ಸೇದುತ್ತಿದ್ದ ಹೆಂಗಸನ್ನು ಕುಡಿಯಲು ನೀರು ಕೇಳಿದೆ. ಅವಳು ಕೊಡ ಬಗ್ಗಿಸುತ್ತ ನನ್ನ ಮುಖ ನೋಡಿದಳು.

"ಯಾವೂರರಿ ನಿಮ್ದು?"

"ಚಿಂತಾಕಿ."

"ಚಿಂತಾಕಿಯವರು ಹಿಂಗ ಮಾತಾಡೂದಿಲ್ಲಲ್ಲರಿ."

ನಾನು ಏನು ಹೇಗೆ ಮಾತನಾಡಿದ್ದೆನೋ ನನಗೇ ಗೊತ್ತಿರಲಿಲ್ಲ. ಶರಣಪ್ಪ ಎತ್ತುಗಳಿಗೆ ಹುಲ್ಲು ಹಾಕುತ್ತ ತಲೆಯೆತ್ತದೆ ಉತ್ತರ ಕೊಟ್ಟ, ಬಹಳ ಕಾಲದ ಮೇಲೆ ತಾನಾಗಿಯೇ, ಅಪರಿಚಿತರೊಬ್ಬರಿಗೆ.

"ಅಕ್ಕ ಬೀದರದಾಕಿರಿ. ಹಬ್ಬಕ್ಕ ಕರಕೊಂಡು ಹೊಂಟೇನಿ."

ಅವನು ಮಾತನಾಡಿದ್ದಕ್ಕೆ ನನಗೆ ಕುಣಿಯುವಷ್ಟು ಸಂತೋಷವಾಯಿತು. ಅವನು ಹೇಳಿದ ಮಾತಿಗೆ ಎದೆಯಲ್ಲಿ ಏನೋ ಹರಿದಂತಾಯಿತು. ಅಲ್ಲ, ನಾನು ಚಿಂತಾಕಿಯವಳೇ, ಹಬ್ಬಕ್ಕಲ್ಲ, ಉಳಿಯಲಿಕ್ಕೆ ಬರುತ್ತಿದ್ದೇನೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಬೊಗಸೆಗೆ ನೀರು ಬಿತ್ತು. ಕುಡಿದೆ.